ಐದು ದಿನ, ಸಾವಿರ ಟಿಪ್ಪಣಿ: ಡಿಐಎಸ್ 29500 ಮತದಾನದ ಕಥೆ

2007ರ ಸೆಪ್ಟೆಂಬರ್ 4ರಂದು ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಒಂದು ಮತದಾನದ ಫಲಿತಾಂಶ ಹೇಳಿತು. ಮಾನಕಗಳ ಮತದಾನಕ್ಕೆ ಸಾಮಾನ್ಯವಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೋಲ್ಟಿನ ಅಳತೆಗೆ ಯಾವ ದೇಶ ಹೂಂ ಅಂದಿತು, ಯಾವ ದೇಶ ಊಹೂಂ ಅಂದಿತು ಅಂತ ಪೇಪರಿನಲ್ಲಿ ಬರುವುದಿಲ್ಲ ಅಲ್ವಾ? ಇದು ಮಾತ್ರ ಬಂತು. ಮೈಕ್ರೋಸಾಫ್ಟ್ ಆಫೀಸಿನ ಹೊಸ ಫೈಲ್ ಸ್ವರೂಪ, ಅಂದರೆ ಆಫೀಸ್ ಓಪನ್ ಎಕ್ಸ್‌ಎಂಎಲ್, ಅಂತರರಾಷ್ಟ್ರೀಯ ಮಾನಕ ಆಗಬೇಕೋ ಬೇಡವೋ ಎಂಬ ಮತದಾನ ಅದು. ಕರಡಿನ ಹೆಸರು ಡಿಐಎಸ್ 29500 (ಡಿಐಎಸ್ ಅಂದರೆ ಅಂತರರಾಷ್ಟ್ರೀಯ ಮಾನಕದ ಕರಡು). ಮೊದಲ ಸುತ್ತಿನಲ್ಲಿ ಸೋತಿತು. ಏಳು ತಿಂಗಳಾದ ಮೇಲೆ ಅದೇ ದೇಶಗಳ ಮುಂದೆ ಗೆದ್ದಿತು. ನಡುವೆ ಆಗಿದ್ದು ಟಿಪ್ಪಣಿಗಳ ಇತ್ಯರ್ಥ, ಇಂಗ್ಲಿಷಿನವರು ಕಾಮೆಂಟ್ ರೆಸಲ್ಯೂಷನ್ ಅನ್ನುವ ಕೆಲಸ.

ಯಾವ ಕಂಪನಿ ಎಲ್ಲಿ ಲಾಬಿ ಮಾಡಿತು ಎಂಬ ಕಥೆಯನ್ನು ತುಂಬಾ ಜನ ಹೇಳಿದ್ದಾರೆ. ಅದೂ ಇದೆ, ಮುಂದೆ ಬರುತ್ತದೆ. ಆದರೆ ನನಗೆ ಈ ಪ್ರಕರಣದಲ್ಲಿ ಕುತೂಹಲ ಇರುವುದು ಮತ ಮತ್ತು ಟಿಪ್ಪಣಿ ಒಂದಕ್ಕೊಂದು ಹೇಗೆ ಕಟ್ಟಿಕೊಂಡಿರುತ್ತವೆ, ಆ ಕಟ್ಟು ಎಲ್ಲಿ ಸಡಿಲವಾಯಿತು ಎಂಬುದರಲ್ಲಿ. ನನ್ನ ಪ್ರಕಾರ ಇಲ್ಲಿ ದೊಡ್ಡ ತಪ್ಪು ಲಾಬಿಯದ್ದಲ್ಲ. 6,000 ಪುಟದ ಕರಡನ್ನು ಫಾಸ್ಟ್ ಟ್ರ್ಯಾಕ್ ಎಂಬ ದಾರಿಗೆ ಹತ್ತಿಸಿದ್ದು. ಅಲ್ಲಿಂದ ಮುಂದೆ ಆದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅದರ ಫಲವೇ.

ಹಿನ್ನೆಲೆ, ಚುಟುಕಾಗಿ

2005ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಸರ್ಕಾರ ತನ್ನ ಕಡತಗಳಿಗೆ ಓಪನ್‌ಡಾಕ್ಯುಮೆಂಟ್, ಅಂದರೆ ಒಡಿಎಫ್ ಎಂಬ ತೆರೆದ ಫೈಲ್ ಸ್ವರೂಪ, ಬಳಸುತ್ತೇವೆ ಎಂದು ಘೋಷಿಸಿತು. ಸರ್ಕಾರಗಳು ತೆರೆದ ಮಾನಕ ಇರುವ ಫೈಲುಗಳನ್ನೇ ಕೇಳಲು ಶುರು ಮಾಡಿದರೆ ಆಫೀಸ್ ಮಾರುವವರಿಗೆ ಕಷ್ಟ. ಅದೇ ವರ್ಷದ ಕೊನೆಗೆ ಮೈಕ್ರೋಸಾಫ್ಟ್ ತನ್ನ ಸ್ವರೂಪವನ್ನು ಎಕ್ಮಾ ಎಂಬ ಯುರೋಪಿನ ಮಾನಕ ಸಂಘಟನೆಗೆ ಕೊಟ್ಟಿತು. ಒಡಿಎಫ್ 2006ರಲ್ಲಿ ಐಎಸ್‌ಒ/ಐಇಸಿ 26300 ಎಂಬ ಮಾನಕ ಆಯಿತು (ಐಇಸಿ ಅಂದರೆ ಐಎಸ್‌ಒ ಜೊತೆ ಸೇರಿ ಮಾನಕ ತರುವ ಇನ್ನೊಂದು ಅಂತರರಾಷ್ಟ್ರೀಯ ಸಂಸ್ಥೆ). ಎಕ್ಮಾದವರು ಒಂದು ವರ್ಷ ಕೂತು, 2006ರ ಡಿಸೆಂಬರಿನಲ್ಲಿ ಎಕ್ಮಾ-376 ಎಂಬ ಹೆಸರಿನಲ್ಲಿ ಆಫೀಸ್ ಸ್ವರೂಪವನ್ನು ಒಪ್ಪಿದರು. ಅಲ್ಲಿ ವಿರುದ್ಧ ಬಿದ್ದದ್ದು ಒಂದೇ ಮತ, ಐಬಿಎಂನದು. ಪುಟಗಳು ಸುಮಾರು 6,000.

ಮಾಮೂಲಿ ದಾರಿಯಲ್ಲಿ ಮಾನಕ ಆಗಬೇಕಾದರೆ ಕರಡು ಹಲವು ಮೆಟ್ಟಿಲು ಹತ್ತಬೇಕು. ಕಾರ್ಯಗುಂಪಿನ ಕರಡು, ಸಮಿತಿಯ ಕರಡು, ಆಮೇಲೆ ಡಿಐಎಸ್, ಬೇಕಾದರೆ ಅಂತಿಮ ಡಿಐಎಸ್. ಒಂದೊಂದು ಮೆಟ್ಟಿಲಿನಲ್ಲೂ ದೇಶಗಳು ಟಿಪ್ಪಣಿ ಕಳಿಸುತ್ತವೆ, ಸಮಿತಿ ಕೂತು ಒಂದೊಂದಕ್ಕೂ ಉತ್ತರ ಬರೆಯುತ್ತದೆ, ತಿದ್ದಿದ ಪಠ್ಯವನ್ನು ಎಲ್ಲರೂ ಮತ್ತೆ ಓದುತ್ತಾರೆ. ವರ್ಷಗಟ್ಟಲೆ ಹಿಡಿಯುತ್ತದೆ, ಬೋರು ಹೊಡೆಯುತ್ತದೆ, ಆದರೆ ಕೊನೆಯ ಮತದಾನ ಬರುವ ಹೊತ್ತಿಗೆ ಜಗಳವೆಲ್ಲ ಮುಗಿದು ಮತ ಒಂದು ಶಾಸ್ತ್ರವಾಗಿ ಉಳಿದಿರುತ್ತದೆ. ಫಾಸ್ಟ್ ಟ್ರ್ಯಾಕಿನಲ್ಲಿ ಈ ಕೆಳಗಿನ ಮೆಟ್ಟಿಲುಗಳಿಲ್ಲ. ಎಕ್ಮಾದಂಥ ಮಾನ್ಯತೆ ಪಡೆದ ಸಂಸ್ಥೆ ತಾನು ಆಗಲೇ ಒಪ್ಪಿರುವ ಮಾನಕವನ್ನು ನೇರವಾಗಿ ಡಿಐಎಸ್ ಮತದಾನಕ್ಕೆ ಹಾಕಬಹುದು. ಇದರಲ್ಲಿ ಹೊಸದೇನೂ ಇರಲಿಲ್ಲ. ಜಾವಾಸ್ಕ್ರಿಪ್ಟಿನ ಮಾನಕ ಹೀಗೇ ಬಂದಿತ್ತು, ಸಿ ಶಾರ್ಪ್ ಕೂಡ. ಆಗಲೇ ಗಟ್ಟಿಯಾದ, ಹಲವು ಕಂಪನಿಗಳು ಮಾಡಿ ನೋಡಿದ ಸಣ್ಣ ಮಾನಕಕ್ಕೆ ಈ ದಾರಿ ಸರಿಯಾಗಿಯೇ ಇದೆ.

2007ರ ಜನವರಿ 5ರಿಂದ ಒಂದು ತಿಂಗಳು ‘ವಿರೋಧಾಭಾಸ’ದ ಅವಧಿ ಇತ್ತು. ಬೇರೆ ಐಎಸ್‌ಒ ಮಾನಕಗಳಿಗೆ ಇದು ಅಡ್ಡ ಬರುತ್ತದೆಯೇ ಎಂದು ದೇಶಗಳು ಹೇಳಬೇಕಾದ ಅವಧಿ ಅದು. ಹಲವು ದೇಶಗಳು ಆಕ್ಷೇಪವನ್ನೋ ಪ್ರಶ್ನೆಯನ್ನೋ ಕಳಿಸಿದವು. ಆದರೂ ಕರಡು ಮತದಾನಕ್ಕೆ ಹೋಯಿತು. ಏಪ್ರಿಲ್ 2ರಿಂದ ಸೆಪ್ಟೆಂಬರ್ 2ರವರೆಗೆ ಐದು ತಿಂಗಳು. ಭಾನುವಾರವೂ ಬಿಡದೆ ಓದಿದರೆ ದಿನಕ್ಕೆ 40 ಪುಟ. ಸಮಿತಿಯ ಸದಸ್ಯರಿಗೆ ಇದು ಸಂಬಳದ ಕೆಲಸ ಅಲ್ಲ, ತಮ್ಮ ಕೆಲಸದ ಜೊತೆಗೆ ಮಾಡುವ ಕೆಲಸ ಅನ್ನುವುದನ್ನೂ ಸೇರಿಸಿಕೊಳ್ಳಿ.

ಮತಕ್ಕೂ ಟಿಪ್ಪಣಿಗೂ ಇರುವ ನಂಟು

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಹೊರಗಿನವರಿಗೆ ಅರ್ಥವಾಗದೇ ಹೋಗುವುದು ಇದೇ.

ಮತ ಹಾಕುವುದು ವ್ಯಕ್ತಿಗಳಲ್ಲ, ದೇಶಗಳ ಮಾನಕ ಸಂಸ್ಥೆಗಳು. ನಮ್ಮಲ್ಲಿ ಬಿಐಎಸ್. ಒಂದು ದೇಶಕ್ಕೆ ಒಂದು ಮತ. ಸದಸ್ಯರಲ್ಲಿ ಎರಡು ಬಗೆ: ಕೆಲಸದಲ್ಲಿ ಪಾಲ್ಗೊಳ್ಳುವ ಪಿ-ಸದಸ್ಯರು, ನೋಡುತ್ತಾ ಕೂರುವ ಒ-ಸದಸ್ಯರು. ಹೌದು ಅನ್ನಬಹುದು, ಟಿಪ್ಪಣಿ ಸೇರಿಸಿ ಹೌದು ಅನ್ನಬಹುದು, ಇಲ್ಲ ಅನ್ನಬಹುದು, ತಟಸ್ಥ ಇರಬಹುದು. ಇಲ್ಲ ಅಂದರೆ ತಾಂತ್ರಿಕ ಕಾರಣ ಕೊಡಲೇಬೇಕು, ಏನು ಬದಲಾದರೆ ಹೌದು ಅನ್ನುತ್ತೇವೆ ಎಂದೂ ಹೇಳಬೇಕು. ಷರತ್ತಿನ ಒಪ್ಪಿಗೆ ಅಂತ ಒಂದಿಲ್ಲ. ‘ಇದನ್ನು ತಿದ್ದಿದರೆ ಮಾತ್ರ ಒಪ್ಪುತ್ತೇವೆ’ ಅನ್ನಬೇಕಾದವರು ಇಲ್ಲ ಎಂದೇ ಮತ ಹಾಕಿ, ತಿದ್ದಿದ ಮೇಲೆ ಬದಲಾಯಿಸಬೇಕು.

ಹಾಗಾಗಿ ಟಿಪ್ಪಣಿಗೆ ಹಲ್ಲು ಬರುವುದು ಇಲ್ಲ ಅನ್ನುವ ಮತದ ಜೊತೆ ಹೋದಾಗ ಮಾತ್ರ. ಹೌದು ಎಂದು ಹೇಳಿ ಜೊತೆಗೆ ಐವತ್ತು ಟಿಪ್ಪಣಿ ಕಳಿಸಿದ ದೇಶದ ಮತ ಪೆಟ್ಟಿಗೆಗೆ ಬಿದ್ದಾಯಿತು. ಟಿಪ್ಪಣಿಗೆ ಏನು ಉತ್ತರ ಬಂದರೂ ಕರಡಿನ ಸಂಪಾದಕರಿಗೆ ಅವರಿಂದ ಇನ್ನೇನೂ ಬೇಕಾಗಿಲ್ಲ. ತುಂಬಾ ಸಮಿತಿಗಳು ಇಂದಿಗೂ ಇದನ್ನು ತಿಳಿಯದೆ, ಇಲ್ಲ ಅನ್ನುವುದು ಒರಟುತನ ಅಂದುಕೊಂಡು, ಸೌಜನ್ಯಕ್ಕೆ ಹೌದು ಅಂದುಬಿಡುತ್ತವೆ.

ಟಿಪ್ಪಣಿ ಬರೆಯಲು ಒಂದು ನಮೂನೆ ಇದೆ, ಒಂದು ಕೋಷ್ಟಕ. ಯಾವ ದೇಶ, ಕರಡಿನ ಯಾವ ವಿಭಾಗ, ಯಾವ ಪ್ಯಾರಾ, ಯಾವ ಬಗೆಯ ಟಿಪ್ಪಣಿ (ಸಾಮಾನ್ಯವೋ, ತಾಂತ್ರಿಕವೋ, ಸಂಪಾದಕೀಯವೋ), ಏನು ತಕರಾರು, ಬದಲಿಗೆ ಏನು ಬರೆಯಬೇಕು. ಕೊನೆಯ ಕಾಲಂ ಉತ್ತರಕ್ಕೆ. ನನ್ನ ಮಟ್ಟಿಗೆ ಮುಖ್ಯ ಕಾಲಂ ‘ಬದಲಿಗೆ ಏನು ಬರೆಯಬೇಕು’ ಅನ್ನುವುದು. ಅಲ್ಲಿ ವಾಕ್ಯ ಬರೆದು ಕೊಟ್ಟರೆ ಆ ಕಡೆಯವರು ಅದನ್ನು ಒಪ್ಪಬೇಕು, ಇಲ್ಲವೇ ಯಾಕಿಲ್ಲ ಎಂದು ಹೇಳಬೇಕು. ಖಾಲಿ ಬಿಟ್ಟು ‘ಈ ಭಾಗ ಸ್ಪಷ್ಟವಾಗಿಲ್ಲ’ ಅಂತ ಮಾತ್ರ ಬರೆದರೆ, ‘ಸ್ಪಷ್ಟವಾಗಿಯೇ ಇದೆ’ ಅಂತ ಉತ್ತರ ಬರುತ್ತದೆ. ಮುಗಿಯಿತು.

ಮೊದಲ ಸುತ್ತಿನ ಸೋಲು

ಗೆಲ್ಲಲು ಎರಡು ಬೇಲಿ ದಾಟಬೇಕಿತ್ತು. ಪಿ-ಸದಸ್ಯರು ಹಾಕಿದ ಮತಗಳಲ್ಲಿ ಮೂರನೇ ಎರಡು ಭಾಗ ಹೌದು ಇರಬೇಕು. ಎಲ್ಲ ದೇಶಗಳು ಹಾಕಿದ ಮತಗಳಲ್ಲಿ ಇಲ್ಲ ಅನ್ನುವವು ಕಾಲು ಭಾಗ ಮೀರಬಾರದು. ತಟಸ್ಥರನ್ನು ಎರಡರಲ್ಲೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪಿ-ಸದಸ್ಯರಲ್ಲಿ 17 ಹೌದು, 15 ಇಲ್ಲ, 9 ತಟಸ್ಥ. 32ರಲ್ಲಿ 17 ಅಂದರೆ 53 ಶೇಕಡಾ. ಬೇಕಿದ್ದದ್ದು 22 ಮತ. ಒಟ್ಟು ದೇಶಗಳಲ್ಲಿ 51 ಹೌದು, 18 ಇಲ್ಲ, 18 ತಟಸ್ಥ. 69ರಲ್ಲಿ 18 ಅಂದರೆ 26 ಶೇಕಡಾ. ಈ ಎರಡನೇ ಲೆಕ್ಕವನ್ನು ಸ್ವಲ್ಪ ಉಜ್ಜಿ ನೋಡಿ. ಇಲ್ಲ ಅಂದ ಒಂದೇ ಒಂದು ದೇಶ ತಟಸ್ಥವಾಗಿದ್ದರೆ 68ರಲ್ಲಿ 17, ಸರಿಯಾಗಿ ಕಾಲು ಭಾಗ, ಬೇಲಿ ದಾಟುತ್ತಿತ್ತು. ಮೊದಲನೇ ಬೇಲಿಗೂ ಯಾರನ್ನೂ ಹೌದು ಅನ್ನಿಸಲೇಬೇಕು ಅಂತಿಲ್ಲ. 15ರಲ್ಲಿ 7 ದೇಶ ಸುಮ್ನೆ ತಟಸ್ಥವಾದರೂ 25ರಲ್ಲಿ 17 ಆಗಿ 68 ಶೇಕಡಾ. ಲಾಬಿ ಮಾಡುವವರು ಈ ಗುಣಾಕಾರವನ್ನು ನನಗಿಂತ ಮೊದಲೇ ಮಾಡಿಕೊಂಡಿರುತ್ತಾರೆ. ಒಪ್ಪದವನನ್ನು ಒಪ್ಪಿಸುವುದಕ್ಕಿಂತ ಅವನನ್ನು ಮೂಗನಾಗಿಸುವುದು ಸುಲಭ, ಈ ಲೆಕ್ಕಾಚಾರದಲ್ಲಿ ಎರಡಕ್ಕೂ ಬೆಲೆ ಇದೆ.

ಇನ್ನೊಂದು ಸಂಗತಿ. ಮತದಾನ ಶುರುವಾದಾಗ ಪಿ-ಸದಸ್ಯರು ಸುಮಾರು 30 ಇದ್ದರು. ಮುಗಿಯುವಾಗ 41. ಯಾವ ದೇಶ ಬೇಕಾದರೂ ಅರ್ಜಿ ಹಾಕಿ ಪಿ-ಸದಸ್ಯ ಆಗಬಹುದು, ನಿಯಮದಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ.

ದೇಶಗಳ ಒಳಗೂ ಇದೇ ಆಟ ನಡೆಯಿತು. ಸ್ವೀಡನ್ನಿನಲ್ಲಿ ಸಮಿತಿಯ ಮತದಾನದ ದಿನ ಇಪ್ಪತ್ತಕ್ಕೂ ಹೆಚ್ಚು ಹೊಸ ಕಂಪನಿಗಳು ಶುಲ್ಕ ಕಟ್ಟಿ ಒಳಗೆ ಬಂದು ಹೌದು ಅಂದವು. ಬೆಂಬಲಿಸಿದರೆ ಮಾರ್ಕೆಟಿಂಗ್ ನೆರವು ಸಿಗುತ್ತದೆ ಎಂದು ಮೈಕ್ರೋಸಾಫ್ಟಿನ ಅಲ್ಲಿನ ಉದ್ಯೋಗಿಯೊಬ್ಬರು ಪಾಲುದಾರ ಕಂಪನಿಗಳಿಗೆ ಇಮೇಲ್ ಬರೆದದ್ದು ಹೊರಬಂತು. ಅದು ತಪ್ಪು ಎಂದು ಕಂಪನಿಯೇ ಒಪ್ಪಿಕೊಂಡಿತು. ಕೊನೆಗೆ ಸ್ವೀಡನ್ನಿನ ಮಾನಕ ಸಂಸ್ಥೆ ಮತವನ್ನು ರದ್ದು ಮಾಡಿದ್ದು ಮಾತ್ರ ಬೇರೆಯೇ ಕಾರಣಕ್ಕೆ: ಒಂದು ಕಂಪನಿಯಿಂದ ಒಂದಕ್ಕಿಂತ ಜಾಸ್ತಿ ಮತ ಬಿದ್ದಿತ್ತು. ಇಮೇಲಿಗೆ ನಿಯಮ ಇರಲಿಲ್ಲ, ಎರಡು ಮತಕ್ಕೆ ಇತ್ತು. ಸ್ವೀಡನ್ ತಟಸ್ಥವಾಯಿತು. ಎದುರು ಪಾಳಯವೇನು ಸುಮ್ಮನೆ ಕೂತಿರಲಿಲ್ಲ. ಐಬಿಎಂ ಮತ್ತು ಅದರ ಜೊತೆಗಾರರು ದೇಶದೇಶದಲ್ಲೂ ಅಷ್ಟೇ ಜೋರಾಗಿ ಓಡಾಡಿದರು.

ಟಿಪ್ಪಣಿಗಳಲ್ಲಿ ಏನಿತ್ತು

ಒಟ್ಟು 3,522 ಟಿಪ್ಪಣಿ ಬಂದವು. ಒಂದೇ ಥರದವನ್ನು ಕೂಡಿಸಿದಾಗ 1,027 ಉಳಿದವು. ಅಂದರೆ ಸರಾಸರಿ ಒಂದು ಟಿಪ್ಪಣಿ ಮೂರು ಸಲಕ್ಕಿಂತ ಜಾಸ್ತಿ ಬಂದಿದೆ. ಹಲವು ದೇಶಗಳು ಎಲ್ಲಿಂದಲೋ ಸಿಕ್ಕ ಪಟ್ಟಿಯನ್ನು ಅಕ್ಷರ ಬಿಡದೆ ಅಂಟಿಸಿ ಕಳಿಸಿದ್ದವು. ಇದನ್ನು ಕೆಲವರು ಮೋಸ ಅನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ದೋಷ ನಿಜವಾಗಿದ್ದರೆ ಅದನ್ನು ಯಾರು ಮೊದಲು ಕಂಡರು ಅನ್ನುವುದು ಲೆಕ್ಕಕ್ಕಿಲ್ಲ. ಆದರೆ ಓದದೇ ಅಂಟಿಸಿದವರು ಇತ್ಯರ್ಥದ ಸಭೆಯಲ್ಲಿ ಬಾಯಿ ಬಿಡಲಾರರು, ತೊಂದರೆ ಅಲ್ಲಿದೆ.

ಒಳ್ಳೆಯ ಟಿಪ್ಪಣಿಗಳು ತುಂಬಾ ಒಳ್ಳೆಯವೇ ಇದ್ದವು. ಎಕ್ಸೆಲ್ 1900ನೇ ಇಸವಿಯನ್ನು ಅಧಿಕ ವರ್ಷ ಅಂದುಕೊಳ್ಳುತ್ತದೆ. ಅಲ್ಲ ಅದು. ಲೋಟಸ್ 1-2-3 ಎಂಬ ಹಳೆಯ ಸ್ಪ್ರೆಡ್‌ಶೀಟ್ ಪ್ರೋಗ್ರಾಂನ ಕಾಲದಲ್ಲಿ ಆದ ತಪ್ಪನ್ನು, ಹಳೆಯ ಫೈಲು ತೆರೆಯಬೇಕಲ್ಲ ಎಂದು ಎಕ್ಸೆಲ್ ಬೇಕೆಂದೇ ಉಳಿಸಿಕೊಂಡಿತ್ತು. ಹೀಗಾಗಿ 1900ರ ಮಾರ್ಚ್ 1ಕ್ಕಿಂತ ಮೊದಲಿನ ದಿನಗಳ ವಾರ ತಪ್ಪಾಗಿ ಬರುತ್ತದೆ. ಉತ್ಪನ್ನದಲ್ಲಿ ಇದು ಕ್ಷಮಿಸಬಹುದಾದ ರಾಜಿ. ಆದರೆ ಕರಡು ಮಾನಕ ಇದನ್ನೇ ಎಲ್ಲರೂ ಹೀಗೇ ಮಾಡಬೇಕು ಎಂಬ ನಿಯಮವಾಗಿ ಬರೆದಿತ್ತು. ಕ್ಯಾಲೆಂಡರನ್ನೇ ಮಾನಕದಿಂದ ಬದಲಾಯಿಸಲು ಹೊರಟ ಹಾಗೆ!

ಇನ್ನೊಂದು, ವರ್ಡ್ 95 ಅಕ್ಷರಗಳ ನಡುವೆ ಬಿಡುತ್ತಿದ್ದ ಜಾಗವನ್ನೇ ಅನುಕರಿಸಿ ಎಂದು ಪ್ರೋಗ್ರಾಂಗೆ ಹೇಳುವ, ಫೈಲಿನೊಳಗಿನ ಒಂದು ಗುರುತು. ಹೇಗೆ ಅನುಕರಿಸಬೇಕು ಎಂದು ಪಠ್ಯದಲ್ಲಿ ಇರಲಿಲ್ಲ, ಆ ಹಳೆಯ ಪ್ರೋಗ್ರಾಂ ನೋಡಿ ಮಾಡಿಕೊಳ್ಳಿ ಎಂಬ ಅರ್ಥದ ಮಾತಿತ್ತು. ಇದನ್ನು ಓದಿ ಬೇರೆ ಕಂಪನಿಯವನು ಪ್ರೋಗ್ರಾಂ ಬರೆಯುವುದು ಹೇಗೆ? ಟೇಬಲ್ಲಿನ ಅಗಲವನ್ನು ಶೇಕಡಾವಾರಿನಲ್ಲಿ ಹೇಳಬೇಕಾದರೆ ಒಂದು ಶೇಕಡಾವನ್ನು ಐವತ್ತು ತುಂಡು ಮಾಡಿ ಎಣಿಸಬೇಕು, ಅಂದರೆ ಪೂರ್ತಿ ಅಗಲಕ್ಕೆ 5000 ಎಂದು ಬರೆಯಬೇಕು. ಇಂಥವು ಸಾಕಷ್ಟಿದ್ದವು. ಇವುಗಳ ಪಕ್ಕದಲ್ಲೇ ಕಾಗುಣಿತ ತಪ್ಪಿನ ಟಿಪ್ಪಣಿ, ಉದಾಹರಣೆ ಸರಿಯಿಲ್ಲ ಎಂಬ ಟಿಪ್ಪಣಿ, ‘ಒಡಿಎಫ್ ಇರುವಾಗ ಇದು ಯಾಕೆ ಬೇಕು’ ಎಂಬ ಟಿಪ್ಪಣಿ. ಕೊನೆಯದಕ್ಕೆ ಯಾವ ಸಂಪಾದಕನೂ ಪಠ್ಯ ತಿದ್ದಿ ಉತ್ತರ ಕೊಡಲಾರ.

2008ರ ಜನವರಿ 14ಕ್ಕೆ ಎಕ್ಮಾ ಎಲ್ಲ 1,027ಕ್ಕೂ ಉತ್ತರ ಕೊಟ್ಟಿತು. ಉತ್ತರಗಳೇ ಸುಮಾರು 2,300 ಪುಟ. ಕೆಲವು ಉತ್ತರಗಳು ಗಟ್ಟಿಯಾಗಿಯೇ ಇದ್ದವು. ವರ್ಡ್ 95 ಥರದ ಗುರುತುಗಳಿಗೆ ವಿವರ ಬರೆದರು, ಅವನ್ನು ಮುಖ್ಯ ಪಠ್ಯದಿಂದ ಹೊರಗೆ ತೆಗೆದು ಹಳೆಯ ಫೈಲುಗಳಿಗಾಗಿ ಮಾತ್ರ ಎಂದು ಬೇರೆ ಇಡೋಣ ಎಂದರು. ನಿಜವಾದ ಕ್ಯಾಲೆಂಡರಿನ ಪ್ರಕಾರ ನಡೆಯುವ ದಿನಾಂಕ ಪದ್ಧತಿ ಸೇರಿಸಿದರು. ದೇಶಗಳಿಗೆ ಇದನ್ನೆಲ್ಲ ಓದಲು ಸಿಕ್ಕಿದ್ದು ಆರು ವಾರ.

ಜಿನೀವಾ, ಫೆಬ್ರವರಿ 25ರಿಂದ 29

ಇತ್ಯರ್ಥದ ಸಭೆ, ಬ್ಯಾಲಟ್ ರೆಸಲ್ಯೂಷನ್ ಮೀಟಿಂಗ್, ಜಿನೀವಾದಲ್ಲಿ ಐದು ದಿನ ನಡೆಯಿತು. ಬ್ರಿಟನ್ನಿನ ಅಲೆಕ್ಸ್ ಬ್ರೌನ್ ನಡೆಸಿಕೊಟ್ಟರು. ಮೂವತ್ತಕ್ಕೂ ಹೆಚ್ಚು ದೇಶಗಳ ನಿಯೋಗಗಳು ಬಂದಿದ್ದವು. ದಿನಕ್ಕೆ ಆರು ಗಂಟೆ ಕೆಲಸ ಅಂತಿಟ್ಟುಕೊಂಡರೂ 1,800 ನಿಮಿಷ. 1,027 ಉತ್ತರಗಳಿಗೆ ಹಂಚಿದರೆ ಒಂದಕ್ಕೆ ಎರಡು ನಿಮಿಷವೂ ಸಿಗುವುದಿಲ್ಲ. ಸಭೆ ಮುಂದೆ ಹಾಕುವಂತಿಲ್ಲ, ಎರಡನೇ ಸಭೆ ಇಲ್ಲ.

ನಿಯೋಗಗಳಿಗೆ ಸರದಿ ಪ್ರಕಾರ ತಮಗೆ ಮುಖ್ಯವಾದ ವಿಷಯ ಎತ್ತಲು ಅವಕಾಶ ಕೊಟ್ಟರು. ಹೀಗೆ ಚರ್ಚೆಯಾದವು ಸರಿಯಾಗಿಯೇ ಆದವು. ಪಕ್ಕದ ಕೋಣೆಗಳಲ್ಲಿ ಕೂತು ವಾಕ್ಯ ತಿದ್ದಿ, ಮತ್ತೆ ತಂದು ಒಪ್ಪಿಸಿದರು. ಉಳಿದವು ಬಹುಪಾಲು. ಅವನ್ನು ಏನು ಮಾಡುವುದು? ನಿಯೋಗಗಳಿಗೆ ಕಾಗದ ಕೊಟ್ಟು, ಉಳಿದ ಎಕ್ಮಾ ಉತ್ತರಗಳ ಮೇಲೆ ಮತ ಹಾಕಿ ಎಂದರು. ಒಪ್ಪಿಗೆ, ವಿರೋಧ, ತಟಸ್ಥ, ಮತ್ತೆ ‘ನಿಲುವು ದಾಖಲಿಸಲು ಇಷ್ಟವಿಲ್ಲ’ ಎಂಬ ನಾಲ್ಕನೆಯದು. ಒಂದೊಂದಕ್ಕೂ ಬೇರೆ ಬೇರೆ ಹಾಕಬಹುದು, ಅಥವಾ ಬೇರೆಯಾಗಿ ಹೇಳದೇ ಇದ್ದದ್ದಕ್ಕೆಲ್ಲ ಒಟ್ಟಾಗಿ ಒಂದೇ ಗುರುತು ಹಾಕಬಹುದು.

ಇದನ್ನು ಅಂದು ತುಂಬಾ ಜನ ಹಗರಣ ಅಂದರು. ಸಭೆ ನಡೆಸಿದವರ ಜಾಗದಲ್ಲಿ ನಿಂತು ನೋಡಿದರೆ ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ಉಳಿದವುಗಳಲ್ಲಿ ಸಂಪಾದಕೀಯ ಟಿಪ್ಪಣಿಗಳು ಹೇರಳವಾಗಿದ್ದವು, ಅಲ್ಪವಿರಾಮ ಎಲ್ಲಿ ಬರಬೇಕು ಎಂದು ಮೂವತ್ತು ದೇಶ ಕೂತು ಚರ್ಚಿಸುವ ಅಗತ್ಯವಿಲ್ಲ. ಕಾಗದದ ಮತ ಹಾಕಿಸದೇ ಇದ್ದಿದ್ದರೆ ಅವು ಯಾವುವೂ ಪಠ್ಯಕ್ಕೆ ಸೇರುತ್ತಿರಲಿಲ್ಲ, ತಪ್ಪುಗಳು ತಪ್ಪಾಗಿಯೇ ಉಳಿಯುತ್ತಿದ್ದವು. ಆದರೆ ಅವುಗಳ ನಡುವೆ ತಾಂತ್ರಿಕವಾದವೂ ಸಿಕ್ಕಿಕೊಂಡಿದ್ದವು. ನಿಲುವಿಲ್ಲ ಎಂದು ನಿಯೋಗಗಳು ಬಿಟ್ಟ ಕಡೆಯೆಲ್ಲ, ಉತ್ತರ ಗೆದ್ದದ್ದು ಅದು ಸರಿ ಎಂದು ಯಾರೋ ಪರೀಕ್ಷಿಸಿ ನೋಡಿದ್ದರಿಂದಲ್ಲ. ಲೆಕ್ಕಕ್ಕೆ ಬಂದ ಕೆಲವೇ ಮತಗಳಲ್ಲಿ ಹೌದು ಜಾಸ್ತಿ ಇದ್ದವು, ಅಷ್ಟೇ. ಟಿಪ್ಪಣಿಯ ಸಾಲಿನ ಕೊನೆಯ ಕಾಲಂ ತುಂಬಿತು. ಟಿಪ್ಪಣಿ ಬರೆದವನ ತಕರಾರು ತೀರಿತೇ ಎಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಐಎಸ್‌ಒ ಪರಿಭಾಷೆಯಲ್ಲಿ ಒಮ್ಮತ ಅಂದರೆ ಎಲ್ಲರೂ ಹೂಂ ಅನ್ನುವುದಲ್ಲ. ಮುಖ್ಯ ವಿಷಯಗಳಲ್ಲಿ ಪಟ್ಟು ಬಿಡದ ವಿರೋಧ ಉಳಿಯದೇ ಇರುವುದು, ವಿರೋಧಿಸಿದವರ ಮಾತನ್ನು ಕೇಳಿಸಿಕೊಂಡು ಹೊಂದಿಸುವ ಪ್ರಯತ್ನ ಆಗಿರುವುದು. ಈ ಅಳತೆಗೋಲು ಹಿಡಿದರೆ, ಚರ್ಚೆಯಾದ ಟಿಪ್ಪಣಿಗಳು ಪಾಸು. ಕಾಗದದ ಮತದಲ್ಲಿ ಹೋದವು ಯಾವ ಕಡೆಗೂ ಇಲ್ಲ, ಪರೀಕ್ಷೆಯನ್ನೇ ಬರೆದಿಲ್ಲ.

ಮೂವತ್ತು ದಿನ, ಪಠ್ಯ ಇಲ್ಲ

ಸಭೆ ಮುಗಿದ ಮೇಲೆ ದೇಶಗಳಿಗೆ ಮನಸ್ಸು ಬದಲಾಯಿಸಲು 30 ದಿನ. ಮಾರ್ಚ್ 29 ಕೊನೆ. ಈ 30 ದಿನದಲ್ಲಿ ತಿದ್ದಿದ ಪೂರ್ತಿ ಪಠ್ಯ ಯಾರ ಕೈಯಲ್ಲೂ ಇರಲಿಲ್ಲ. ಹಳೆಯ 6,000 ಪುಟ, ಉತ್ತರದ 2,300 ಪುಟ, ಜಿನೀವಾ ನಿರ್ಣಯಗಳ ಪಟ್ಟಿ, ಇವು ಮೂರನ್ನೂ ತಲೆಯಲ್ಲೇ ಕೂಡಿಸಿ ‘ಹೀಗಿರಬಹುದು’ ಎಂದು ಊಹಿಸಿ ಮತ ಹಾಕಬೇಕಿತ್ತು. ಇಡೀ ಪ್ರಕರಣದಲ್ಲಿ ನಾನು ಯಾವುದನ್ನಾದರೂ ಒಪ್ಪಲಾರೆ ಅಂದರೆ ಅದು ಇದನ್ನು.

ನಾರ್ವೆಯಲ್ಲಿ ಸಮಿತಿಯ ಹೆಚ್ಚಿನವರ ವಿರೋಧ ಇದ್ದರೂ ಅಲ್ಲಿನ ಮಾನಕ ಸಂಸ್ಥೆ ಹೌದು ಎಂದು ಮತ ಬದಲಾಯಿಸಿತು. ಸಮಿತಿಯ ಅಧ್ಯಕ್ಷರಾಗಿದ್ದ ಸ್ಟೀವ್ ಪೆಪ್ಪರ್, ನಾರ್ವೆಯ ಮತವನ್ನು ತಡೆಹಿಡಿಯಿರಿ ಎಂದು ಐಎಸ್‌ಒಗೇ ಪತ್ರ ಬರೆದರು. ಪ್ರಯೋಜನ ಆಗಲಿಲ್ಲ. ಸಮಿತಿ ಸಲಹೆ ಕೊಡುತ್ತದೆ, ಮತ ಸಂಸ್ಥೆಯದ್ದು. ನಿಯಮ ಹಾಗೇ ಇದೆ.

ಭಾರತದಲ್ಲಿ ಬಿಐಎಸ್‌ನ ಎಲ್‌ಐಟಿಡಿ 15 ಎಂಬ ಸಮಿತಿ ಇದನ್ನು ನೋಡುತ್ತಿತ್ತು. 2007ರಲ್ಲಿ ಭಾರತ ಟಿಪ್ಪಣಿ ಸಹಿತ ಇಲ್ಲ ಎಂದಿತ್ತು. 2008ರ ಮಾರ್ಚಿನಲ್ಲಿ ಸಮಿತಿ ಮತ್ತೆ ಕೂತಾಗ ಕರಡಿನ ವಿರುದ್ಧ 13, ಪರ 5. ಭಾರತ ಕದಲಲಿಲ್ಲ. ಒಪ್ಪದವರು ಒಪ್ಪದೇ ಹೋದರೂ ಇಲ್ಲಿ ಎಣಿಕೆ ಸಮಿತಿಯೊಳಗೆ ಆಯಿತು, ಸಂಸ್ಥೆ ಅದನ್ನೇ ಹೊರಗೆ ಹೇಳಿತು. ನಾರ್ವೆಗೆ ಹೋಲಿಸಿದರೆ ಇದು ಸಣ್ಣ ವಿಷಯವಲ್ಲ. ಚೀನಾ, ಕೆನಡಾ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್ ಕೂಡ ವಿರೋಧವಾಗಿಯೇ ಉಳಿದವು. ಬ್ರಿಟನ್, ಜಪಾನ್, ಡೆನ್ಮಾರ್ಕ್, ಜೆಕ್ ಗಣರಾಜ್ಯ ಹೌದು ಅಂದವು.

ಏಪ್ರಿಲ್ 2ಕ್ಕೆ ಫಲಿತಾಂಶ ಬಂತು. ಪಿ-ಸದಸ್ಯರಲ್ಲಿ 24 ಹೌದು, 8 ಇಲ್ಲ: 75 ಶೇಕಡಾ. ಒಟ್ಟಿನಲ್ಲಿ 61 ಹೌದು, 10 ಇಲ್ಲ: ವಿರೋಧ 14 ಶೇಕಡಾ. ಎರಡೂ ಬೇಲಿ ಆರಾಮಾಗಿ ದಾಟಿತು.

ಭಾರತ, ಬ್ರೆಜಿಲ್, ದಕ್ಷಿಣ ಆಫ್ರಿಕಾ, ವೆನೆಜುವೆಲಾ ಮೇಲ್ಮನವಿ ಹಾಕಿದವು. ಇತ್ಯರ್ಥದ ಸಭೆ ನಡೆದ ರೀತಿಯೇ ಮುಖ್ಯ ತಕರಾರು. ಆಗಸ್ಟ್ 15ರಂದು ಐಎಸ್‌ಒ ಮತ್ತು ಐಇಸಿ ಉತ್ತರ ಹೇಳಿದವು: ಮೇಲ್ಮನವಿಗಳನ್ನು ಮುಂದುವರಿಸಲು ತಮ್ಮ ಆಡಳಿತ ಮಂಡಳಿಗಳಲ್ಲಿ ಮೂರನೇ ಎರಡು ಭಾಗ ಬೆಂಬಲ ಬರಲಿಲ್ಲ. ತಕರಾರು ಸರಿಯೋ ತಪ್ಪೋ ಎಂಬ ವಿಚಾರಣೆಗೇ ಹೋಗಲಿಲ್ಲ. ಅಲ್ಲೂ ಎಣಿಕೆಯೇ.

ಆಮೇಲೆ

ಐಎಸ್‌ಒ/ಐಇಸಿ 29500 ಅದೇ ನವೆಂಬರಿನಲ್ಲಿ ನಾಲ್ಕು ಭಾಗಗಳಲ್ಲಿ ಪ್ರಕಟವಾಯಿತು. ಮೊದಲ ಭಾಗವೇ 5,500 ಪುಟಕ್ಕೂ ಜಾಸ್ತಿ. ಅದರಲ್ಲಿ ಎರಡು ರೂಪ: ಹಳೆಯ ಗೋಜಲುಗಳಿಲ್ಲದ ಸ್ಟ್ರಿಕ್ಟ್, ಹಳೆಯ ಫೈಲುಗಳನ್ನು ಉಳಿಸಿಕೊಳ್ಳುವ ಟ್ರಾನ್ಸಿಷನಲ್. ಈ ವಿಂಗಡಣೆ ಟಿಪ್ಪಣಿಗಳ ಕೊಡುಗೆ. ಮತದಾನ ನಡೆಯದೇ, ಯಾರೂ ಇಲ್ಲ ಅನ್ನದೇ ಹೋಗಿದ್ದರೆ ಇದು ಬರುತ್ತಲೇ ಇರಲಿಲ್ಲ. ಇತ್ಯರ್ಥದಿಂದ ಕರಡು ಸುಧಾರಿಸಿತು ಎಂದು ಇದರ ವಿರೋಧಿಗಳೂ ಒಪ್ಪಬೇಕು.

ಗಡಿಬಿಡಿಯ ಬೆಲೆಯೂ ಕಾಣಿಸಿತು. ದಿನಾಂಕದ ವಿಷಯ ನೋಡಿ. ಐಎಸ್‌ಒ ಮಾನಕ ಅಂದ ಮೇಲೆ ದಿನಾಂಕಗಳು ಐಎಸ್‌ಒ 8601 ರೂಪದಲ್ಲಿ, ವರ್ಷ-ತಿಂಗಳು-ದಿನ ಎಂದು, ಬರೆಯಲು ಬರಬೇಕು ಎಂಬ ಟಿಪ್ಪಣಿಗಳಿದ್ದವು. ಕೇಳಲು ಎಷ್ಟು ನ್ಯಾಯ! ಒಪ್ಪಿ ಸೇರಿಸಿದರು. ಆದರೆ ಸ್ಟ್ರಿಕ್ಟ್ ರೂಪಕ್ಕೆ ಮಾತ್ರವಲ್ಲ, ಟ್ರಾನ್ಸಿಷನಲ್‌ಗೂ ಸೇರಿತು. ಟ್ರಾನ್ಸಿಷನಲ್ ಇರುವುದೇ ಆಗಲೇ ಇದ್ದ ಫೈಲುಗಳನ್ನು ಇದ್ದ ಹಾಗೆ ವಿವರಿಸಲಿಕ್ಕೆ. ಆ ಫೈಲುಗಳಲ್ಲಿ ದಿನಾಂಕ ಬರೀ ಒಂದು ಸಂಖ್ಯೆ. ಆಗ ಎಲ್ಲರ ಕಂಪ್ಯೂಟರಿನಲ್ಲಿದ್ದ ಪ್ರೋಗ್ರಾಂಗಳು ಸಂಖ್ಯೆಯನ್ನೇ ನಿರೀಕ್ಷಿಸುತ್ತಿದ್ದವು. ಮಾನಕದ ಪ್ರಕಾರ ನೂರಕ್ಕೆ ನೂರು ಸರಿಯಾದ ಸ್ಪ್ರೆಡ್‌ಶೀಟನ್ನು ಕೊಟ್ಟರೆ ಅವು ತಡವರಿಸಿ ದಿನಾಂಕ ಕಳೆದುಕೊಳ್ಳಬಹುದಿತ್ತು. ಲೆಕ್ಕಪತ್ರದ ಹಾಳೆಯಲ್ಲಿ ದಿನಾಂಕ ಸದ್ದಿಲ್ಲದೆ ಹೋದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಜಿನೀವಾದಲ್ಲಿ ಯಾರಾದರೂ ಒಂದು ಫೈಲು ಮಾಡಿ ತೆರೆದು ನೋಡಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು. ಅರ್ಧ ಗಂಟೆ ಅಲ್ಲಿ ಹದಿನೇಳು ಟಿಪ್ಪಣಿಗಳ ಪಾಲು.

ಮತದಾನದ ಕಾವಿನಲ್ಲಿ ಸೇರಿದ ದೇಶಗಳ ಕಥೆ ಇನ್ನೊಂದು. ಈ ಕ್ಷೇತ್ರದ ಉಪಸಮಿತಿ ಎಸ್‌ಸಿ 34. ಅಲ್ಲೂ ಪಿ-ಸದಸ್ಯರ ಸಂಖ್ಯೆ ದಿಢೀರನೆ ಏರಿತ್ತು. 2007ರ ಮತ ಮುಗಿದದ್ದೇ ತಡ, ಹೊಸಬರಲ್ಲಿ ಹಲವರು ಬೇರೆ ಯಾವ ಮತದಾನಕ್ಕೂ ಉತ್ತರ ಕೊಡಲಿಲ್ಲ. ಕನಿಷ್ಠ ಅರ್ಧದಷ್ಟು ಪಿ-ಸದಸ್ಯರು ಮತ ಹಾಕದಿದ್ದರೆ ಮತದಾನ ಬಿದ್ದುಹೋಗುತ್ತದೆ. ಈ ಜಗಳಕ್ಕೆ ಸಂಬಂಧವೇ ಇಲ್ಲದ ಕೆಲಸಗಳು ಕೋರಂ ಇಲ್ಲದೆ ನಿಂತವು. ಪಾಪ, ಅದರಲ್ಲಿ ದುಡಿಯುತ್ತಿದ್ದವರು ಏನು ಮಾಡಿದ್ದರು?

ಪ್ರಕಟವಾದ ಮಾನಕದ ನಿರ್ವಹಣೆಗೆ ಎಸ್‌ಸಿ 34ರ ಅಡಿಯಲ್ಲಿ ನಾಲ್ಕನೇ ಕಾರ್ಯಗುಂಪು ಹುಟ್ಟಿತು. ಕೆಲವೇ ಜನ, ಗದ್ದಲವಿಲ್ಲ, ಪತ್ರಕರ್ತರಿಲ್ಲ. ದೋಷದ ವರದಿ ಬಂದರೆ ನೋಡುವುದು, ಚರ್ಚಿಸುವುದು, ತಿದ್ದುಪಡಿ ಬರೆಯುವುದು. 2006ರಲ್ಲೇ ಈ ದಾರಿ ಹಿಡಿದಿದ್ದರೆ ಮಾನಕ ಬರುವುದು ಎರಡು ವರ್ಷ ತಡವಾಗುತ್ತಿತ್ತೇನೋ. ಮಾರುಕಟ್ಟೆಗೆ ಅಷ್ಟು ತಾಳ್ಮೆ ಇರಲಿಲ್ಲ ಅನ್ನುವುದೂ ನಿಜ, ಒಡಿಎಫ್ ಆಗಲೇ ಮುಂದಿತ್ತು. ಟ್ರಾನ್ಸಿಷನಲ್‌ನಲ್ಲಿದ್ದ ಐಎಸ್‌ಒ ದಿನಾಂಕವನ್ನು ಈ ಗುಂಪೇ ಆಮೇಲಿನ ತಿದ್ದುಪಡಿಯಲ್ಲಿ ತೆಗೆದು ಸ್ಟ್ರಿಕ್ಟ್‌ಗೆ ಮಾತ್ರ ಉಳಿಸಿತು. ಆ ಸ್ಟ್ರಿಕ್ಟ್ ರೂಪವನ್ನು ಆಫೀಸ್ 2010 ಓದಲು ಕಲಿಯಿತು, ಬರೆಯಲು ಕಲಿತದ್ದು ಆಫೀಸ್ 2013. ಅಲ್ಲೂ ‘ಸೇವ್ ಆ್ಯಸ್’ ಪಟ್ಟಿಯಲ್ಲಿ ಹುಡುಕಿ ಆರಿಸಬೇಕು, ಸುಮ್ನೆ ಸೇವ್ ಒತ್ತಿದರೆ ಬರುವುದು ಟ್ರಾನ್ಸಿಷನಲ್.